ಊರೇ ಕಕ್ಷಿದಾರ

ಕ್ಯಾಲಿಫೋರ್ನಿಯಾದಲ್ಲಿ ನಾನು ಕೆಲಸ ಮಾಡುವ ಲಾ ಫರ್ಮಿಗೆ ವಿಚ್ಛೇದನ, ಕೊಲೆ, ಆಸ್ತಿ ಜಗಳದ ಕೇಸುಗಳು ಬರುವುದಿಲ್ಲ. ನಮ್ಮ ಕಕ್ಷಿದಾರರೆಲ್ಲ ಊರುಗಳು: ಸಣ್ಣ ನಗರಗಳು, ನೀರು ಸರಬರಾಜು ಮಂಡಳಿಗಳು. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋಗಳಲ್ಲಿ ಸಿಟಿ ಅಟಾರ್ನಿಯನ್ನು, ಅಂದರೆ ನಗರದ ಅಧಿಕೃತ ವಕೀಲರನ್ನು, ಜನರೇ ಮತ ಹಾಕಿ ಆರಿಸುತ್ತಾರೆ, ಅವರಿಗೆ ದೊಡ್ಡ ಕಚೇರಿಯೇ ಇರುತ್ತದೆ. ಸಣ್ಣ ಊರಿಗೆ ಆ ಖರ್ಚು ತೂಗದು. ಹಾಗಾಗಿ ಖಾಸಗಿ ಫರ್ಮಿನ ಜೊತೆ ಒಪ್ಪಂದ ಮಾಡಿಕೊಂಡು, ಅಲ್ಲಿನ ವಕೀಲರೊಬ್ಬರನ್ನೇ ಸಿಟಿ ಅಟಾರ್ನಿಯಾಗಿ ನೇಮಿಸಿಕೊಳ್ಳುತ್ತದೆ.

ಈ ವಕೀಲರ ಕಕ್ಷಿದಾರ ಮೇಯರ್ ಅಲ್ಲ, ನಗರದ ಆಡಳಿತ ನಡೆಸುವ ಚುನಾಯಿತ ಕೌನ್ಸಿಲ್ಲಿನ ಸದಸ್ಯರೂ ಅಲ್ಲ, ನಗರ ಎಂಬ ಸಂಸ್ಥೆ. ಆದರೆ ಅವರನ್ನು ನೇಮಿಸುವುದು, ತೆಗೆಯುವುದು ಅದೇ ಕೌನ್ಸಿಲ್. ಈ ಕೆಲಸದ ನಿಜವಾದ ಕಷ್ಟ ಇಲ್ಲೇ ಇದೆ. ಕೌನ್ಸಿಲ್ ಕೊಡುವ ಗುತ್ತಿಗೆಯಲ್ಲಿ ಸದಸ್ಯರೊಬ್ಬರ ಹಣಕಾಸಿನ ಹಿತವಿದ್ದರೆ, ‘ನಾನು ಮತ ಹಾಕುವುದಿಲ್ಲ, ಹೊರಗಿರುತ್ತೇನೆ’ ಎಂದರೆ ಸಾಲದು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇಡೀ ಕೌನ್ಸಿಲ್ಲಿಗೇ ಆ ಗುತ್ತಿಗೆ ನಿಷಿದ್ಧ. ಅದನ್ನು ವಕೀಲರು ತಮಗೆ ಕೆಲಸ ಕೊಟ್ಟವರ ಮುಖ ನೋಡಿ ಹೇಳಬೇಕು. ಹಾಗೆ ಹೇಳುವವರ ಬಗ್ಗೆ ನನಗೆ ಅಪಾರ ಗೌರವ. 2010ರಲ್ಲಿ ಬೆಲ್ ಎಂಬ ಪುಟ್ಟ ನಗರದ ಸಿಟಿ ಮ್ಯಾನೇಜರ್, ಅಂದರೆ ಆಡಳಿತದ ಮುಖ್ಯ ಅಧಿಕಾರಿ, ವರ್ಷಕ್ಕೆ ಎಂಟು ಲಕ್ಷ ಡಾಲರ್ ಹತ್ತಿರದ ಸಂಬಳ ಪಡೆಯುತ್ತಿದ್ದದ್ದನ್ನು ಲಾಸ್ ಏಂಜಲೀಸ್ ಟೈಮ್ಸ್ ಬಯಲಿಗೆಳೆಯಿತು. ಬಡವರೇ ಹೆಚ್ಚಿರುವ ಊರು ಅದು. ಯಾರೂ ‘ಇದು ಆಗದು’ ಎನ್ನದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ನನಗೆ ಹೆಚ್ಚು ಇಷ್ಟವಾದದ್ದು ನೀರಿನ ದರದ ಕೆಲಸ. 1996ರಲ್ಲಿ ಮತದಾರರೇ ಮತ ಹಾಕಿ ಒಪ್ಪಿದ ಪ್ರಾಪೊಸಿಷನ್ 218 ಎಂಬ ಕಾನೂನಿನ ಪ್ರಕಾರ, ದರ ಏರಿಸುವ ಮೊದಲು ಆಸ್ತಿ ಮಾಲೀಕರಿಗೆಲ್ಲ ಅಂಚೆಯಲ್ಲಿ ನೋಟಿಸ್ ಕಳಿಸಿ, ಕನಿಷ್ಠ 45 ದಿನ ಬಿಟ್ಟು ಬಹಿರಂಗ ವಿಚಾರಣೆ ಮಾಡಬೇಕು. ಅರ್ಧಕ್ಕಿಂತ ಹೆಚ್ಚು ಆಸ್ತಿಗಳಿಂದ ಲಿಖಿತ ವಿರೋಧ ಬಂದರೆ ದರ ಏರುವಂತಿಲ್ಲ. ಅಷ್ಟು ವಿರೋಧ ಬರುವುದು ಅಪರೂಪ. ಆದರೂ ಪಿಂಚಣಿಯಲ್ಲಿ ಬದುಕುವವರು ಕೈಯಲ್ಲಿ ಬರೆದು ಕಳಿಸಿದ ಒಂದೊಂದು ಪತ್ರವೂ ಎಣಿಕೆಗೆ ಸೇರಲೇಬೇಕು. ಅಂಥ ಪತ್ರ ಓದುವಾಗ ಕಾನೂನು ಜನರ ಮನೆಬಾಗಿಲಿಗೆ ಬಂದಂತೆ ಅನಿಸುತ್ತದೆ.

ಒಂದು ವಿಷಯ ಮಾತ್ರ ನನಗೆ ಒಪ್ಪಿಗೆಯಿಲ್ಲ. ಗಂಟೆಯ ಲೆಕ್ಕದಲ್ಲಿ ಬಿಲ್ ಮಾಡಿದರೆ, ಬಡ ಊರಿನವರು ವಕೀಲರಿಗೆ ಫೋನ್ ಮಾಡಲೇ ಹಿಂಜರಿಯುತ್ತಾರೆ. ದಾವೆ ಬಿದ್ದ ಮೇಲೆ ಅದರ ಎಷ್ಟೋ ಪಟ್ಟು ಕೊಡಬೇಕಾಗುತ್ತದೆ. ತಿಂಗಳಿಗಿಷ್ಟು ಎಂದು ನಿಗದಿ ಮಾಡುವ ಒಪ್ಪಂದವೇ ಮೇಲು.

ಇಲ್ಲಿ ಮಕ್ಕಳ ಮನೆಗೆ ಬರುವ ಹಿರಿಯರು ಒಂದು ಸಂಜೆ ಕೌನ್ಸಿಲ್ ಸಭೆಗೆ ಹೋಗಿ ಕೂರಿ. ಸಭೆಗಳು ಬಹಿರಂಗವಾಗಿ ನಡೆಯಬೇಕೆನ್ನುವ 1953ರ ಬ್ರೌನ್ ಆಕ್ಟ್ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕಿರುತ್ತಾರೆ. ಒಳಗೆ ಕೂರಲು ಹೆಸರು ಬರೆಸಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮಾತಾಡಬೇಕೆನಿಸಿದರೆ ಮಾತಾಡಬಹುದು, ಅದಕ್ಕೆ ಅಮೆರಿಕದ ಪೌರರೇ ಆಗಿರಬೇಕೆಂದಿಲ್ಲ.