ಹಳೆಯ ಪಾಕೆಟ್ ಪಿಸಿಯಲ್ಲಿ ಸಿಎಚ್‌ಎಂ ಓದುವುದು

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಪಾಕೆಟ್ ಪಿಸಿ (ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್) ಸಿಕ್ಕರೆ ಮೊದಲು ಬ್ಯಾಟರಿ ನೋಡಿ. ವಿಂಡೋಸ್ ಮೊಬೈಲ್ 2003 ಅಥವಾ ಅದಕ್ಕಿಂತ ಹಳೆಯ ಕಾರ್ಯಾಚರಣಾ ವ್ಯವಸ್ಥೆ ಇರುವವುಗಳಲ್ಲಿ ಚಾರ್ಜ್ ಪೂರ್ತಿ ಇಳಿದರೆ ರ‍್ಯಾಮ್‌ನಲ್ಲಿಟ್ಟ ಫೈಲುಗಳೆಲ್ಲ ಹೋದವೆಂದೇ ಲೆಕ್ಕ. ಸಿಎಚ್‌ಎಂ ಪುಸ್ತಕಗಳನ್ನು (ವಿಂಡೋಸ್‌ನ ಸಹಾಯ-ಕೈಪಿಡಿ ರೂಪದ ಫೈಲುಗಳು) ಎಸ್‌ಡಿ ಕಾರ್ಡಿಗೇ ಹಾಕಿ. 2 ಜಿಬಿ ಒಳಗಿನದೇ ಇರಲಿ. ಎಸ್‌ಡಿಎಚ್‌ಸಿ ಕಾರ್ಡನ್ನು (2 ಜಿಬಿಗಿಂತ ದೊಡ್ಡದು) ಹೆಚ್ಚಿನ ಹಳೆಯ ಯಂತ್ರಗಳು ಗುರುತಿಸುವುದಿಲ್ಲ.

ಸಿಎಚ್‌ಎಂ ಎಂದರೆ ಎಚ್‌ಟಿಎಂಎಲ್ ಪುಟ (ವೆಬ್ ಪುಟ), ಚಿತ್ರ, ಪರಿವಿಡಿಗಳನ್ನು ಒಟ್ಟಿಗೆ ಕುಗ್ಗಿಸಿಟ್ಟ ಕಟ್ಟು, ಅಷ್ಟೇ. ಓದುವ ಆ್ಯಪ್ ಹುಡುಕುತ್ತ ಕೂರುವುದಕ್ಕಿಂತ ಬಿಚ್ಚಿಬಿಡುವುದೇ ವಾಸಿ. ಪಿಸಿಯಲ್ಲಿ ಸೆವೆನ್‌-ಜಿಪ್‌ನಿಂದ (ಕುಗ್ಗಿಸಿದ ಫೈಲು ಬಿಚ್ಚುವ ತಂತ್ರಾಂಶ) ಫೈಲನ್ನು ಒಂದು ಫೋಲ್ಡರಿಗೆ ಬಿಚ್ಚಿ. # ಮತ್ತು $ ಗುರುತಿನಿಂದ ಶುರುವಾಗುವವು ಒಳಗಿನ ಸೂಚಿಗಳು, ಅಳಿಸಬಹುದು. ಉಳಿದದ್ದನ್ನು ಕಾರ್ಡಿಗೆ ನಕಲಿಸಿ, ಮೊದಲ ಪುಟವನ್ನು ಯಂತ್ರದಲ್ಲೇ ಇರುವ ಬ್ರೌಸರ್ ಆದ ಪಾಕೆಟ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆಯಿರಿ.

ತಲೆನೋವು ಪರಿವಿಡಿಯದು. ಅದಿರುವುದು ಎಚ್‌ಎಚ್‌ಸಿ (.hhc) ಫೈಲಿನಲ್ಲಿ. ಎಚ್‌ಎಚ್‌ಸಿ ಫೈಲಿಗೆ ಎಚ್‌ಟಿಎಂಎಲ್ ಎಂದು ಹೆಸರು ಬದಲಿಸಿದರೂ ಖಾಲಿ ಚುಕ್ಕೆಗಳಷ್ಟೇ ಕಾಣುತ್ತವೆ, ಏಕೆಂದರೆ ಶೀರ್ಷಿಕೆಗಳಿರುವುದು 'ಪ್ಯಾರಾಮ್' ಟ್ಯಾಗ್‌ಗಳ ಒಳಗೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಪ್ರತಿ ಅಧ್ಯಾಯಕ್ಕೆ 'ನೇಮ್' ಮತ್ತು 'ಲೋಕಲ್' ಜೋಡಿ, ಅಂದರೆ ಶೀರ್ಷಿಕೆ ಮತ್ತು ಅದರ ಪುಟದ ಫೈಲು, ಸಿಗುತ್ತದೆ. ಅದನ್ನು ಸಾದಾ ಲಿಂಕ್ ಆಗಿ ಬದಲಿಸಿಕೊಳ್ಳಿ. ಬೇಸರದ ಕೆಲಸವೇ, ಆದರೆ ದಪ್ಪ ಕೈಪಿಡಿಗೆ ಇದಿಲ್ಲದೆ ಗತಿಯಿಲ್ಲ. ಬೇರೊಂದು ಸಿಎಚ್‌ಎಂ ಕಡೆಗಿರುವ ಲಿಂಕುಗಳು ಮಾತ್ರ ಸಾಯುತ್ತವೆ.

240×320 ಪರದೆಯಲ್ಲಿ ಅಗಲ ಟೇಬಲ್ಲುಗಳು ಹಿಂಸೆ. ವ್ಯೂ ಮೆನುವಿನ 'ಫಿಟ್ ಟು ಸ್ಕ್ರೀನ್' ಕೊಂಚ ನೆರವಾಗುತ್ತದೆ. ಕನ್ನಡ ಪುಟಗಳ ಆಸೆ ಬೇಡ: ಫಾಂಟ್ ಹಾಕಿದರೂ ಒತ್ತಕ್ಷರ ಕೂಡುವುದಿಲ್ಲ.

ಅಂದಹಾಗೆ, ಇಳಿಸಿಕೊಂಡ ಸಿಎಚ್‌ಎಂ ಪಿಸಿಯಲ್ಲೇ ಖಾಲಿ ಕಂಡರೆ ಫೈಲ್ ಕೆಟ್ಟಿದೆಯೆಂದು ಎಸೆಯಬೇಡಿ. ಪ್ರಾಪರ್ಟೀಸ್‌ನಲ್ಲಿ 'ಅನ್‌ಬ್ಲಾಕ್' ಒತ್ತಿ. ಫೋಲ್ಡರ್ ಹೆಸರಿನಲ್ಲಿ # ಇದ್ದರೂ ಪುಟ ಹೀಗೇ ಖಾಲಿ ಕಾಣುತ್ತದೆ.