ನಮ್ಮೂರು ಯಾವಾಗ ಬರ್ತೈತೆ?

ಭಾನುವಾರದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಸೊಪ್ಪು ಸೋಸುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೂ ಅದೇ. "ಇದ್ರಲ್ಲಿ ನಮ್ಮೂರು ಯಾವಾಗ ಬರ್ತೈತೆ?"

ಹಾಸನದಲ್ಲಿ ನಾವೊಂದು ಇಪ್ಪತ್ತು ಮೂವತ್ತು ಜನ ತಿಂಗಳಿಗೊಮ್ಮೆ ಸೇರಿ ಪರಿಸರದ ಡಾಕ್ಯುಮೆಂಟರಿ ನೋಡುತ್ತೇವೆ. ಮಹಡಿ ಮೇಲಿನ ಟ್ಯೂಷನ್ ಹಾಲ್. ಗೋಡೆಗೆ ಬಿಳಿ ಪಂಚೆ, ಕಿಟಕಿಗೆ ರಟ್ಟು, ಯಾರದೋ ಪ್ರೊಜೆಕ್ಟರ್. ಆಮೇಲೆ ಚರ್ಚೆ, ಅದಾದ ಮೇಲೆ ಟೀ, ಕೋಡುಬಳೆ. ನಿಜ ಹೇಳಬೇಕೆಂದರೆ ಕೋಡುಬಳೆ ಬಂದ ಮೇಲೆಯೇ ಒಳ್ಳೆಯ ಮಾತು ಹೊರಡುವುದು.

ಈ ಸಲದ್ದು ಘಟ್ಟದ ಹಳ್ಳಗಳ ಚಿತ್ರ. ಮಂಜು, ಶೋಲಾ ಕಾಡು, ಕಲ್ಲಿಗೆ ಅಂಟಿ ಕೂತ ಪುಟ್ಟ ಕಪ್ಪೆ. ಆಮೇಲೆ ಜೆಸಿಬಿ, ಕೆಂಪು ಮಣ್ಣು, ಆಳು ನಿಂತರೂ ತಲೆ ತಾಗದಷ್ಟು ದಪ್ಪ ಪೈಪು. ಎತ್ತಿನಹೊಳೆ ನೀರಿನ ಯೋಜನೆ. ನನ್ನ ತವರು ಸಕಲೇಶಪುರದ ಕಡೆ. ಸೋದರಮಾವನ ತೋಟದ ಅಂಚಿನಲ್ಲೇ ಪೈಪು ಹೋಗಿದೆ. ಅದು ಹೋದ ವರ್ಷದ ಮಳೆಗೆ ದರೆ ಜಾರಿ ಎರಡು ಸಾಲು ಕಾಫಿ ಗಿಡ ಕೆಳಗೆ ಹೋದವು. ಹಾಗಾಗಿ ನಾನು ಕಪ್ಪೆ ಬರುವ ಮೊದಲೇ ಕಣ್ಣು ಒರೆಸಿಕೊಂಡಿದ್ದೆ.

ಚರ್ಚೆ ಶುರುವಾಯಿತು. ಒಬ್ಬ ನಿವೃತ್ತ ಮೇಷ್ಟ್ರು ಎದ್ದು ಲೆಕ್ಕ ಒಪ್ಪಿಸಿದರು. ನೇತ್ರಾವತಿಗೆ ಸೇರುವ ಹಳ್ಳಗಳಿಂದ ಮಳೆಗಾಲದಲ್ಲಿ 24 ಟಿಎಂಸಿ ನೀರು ಎತ್ತಿ ಪೂರ್ವಕ್ಕೆ ಕಳಿಸುತ್ತಾರಂತೆ, ಕೋಲಾರ ಚಿಕ್ಕಬಳ್ಳಾಪುರದವರೆಗೆ. 2012ರಲ್ಲಿ 8,323 ಕೋಟಿ ಅಂದಿದ್ದು ಆಮೇಲೆ 23,251 ಕೋಟಿಗೆ ಏರಿತು. 2024ರ ಗೌರಿ ಹಬ್ಬದ ದಿನ ಪಂಪು ಚಾಲೂ ಮಾಡಿದರು. ಮುಂದೆ ಕಾಲುವೆಯೇ ಮುಗಿದಿರಲಿಲ್ಲ, ನೀರನ್ನು ತಾತ್ಕಾಲಿಕವಾಗಿ ವಾಣಿವಿಲಾಸ ಸಾಗರದ ಕಡೆ ತಿರುಗಿಸಿದರು. ಎಲ್ಲ ಸರಿಯೇ. ಆದರೆ ಮೇಷ್ಟ್ರು ಇದನ್ನು ಹೇಳುವಾಗ ಮಗ್ಗಿ ಒಪ್ಪಿಸುವ ಖುಷಿ ಇರುತ್ತದೆ. ಎಲ್ಲರೂ ತಲೆಯಾಡಿಸಿದೆವು. ನಾವು ಬರುವುದೇ ತಲೆಯಾಡಿಸಲು ಅಲ್ವಾ?

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಐವತ್ತೈದು ದಾಟಿರಬಹುದು. ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಲು ಬಂದವರು, ಅವಳ ಜೊತೆ ಸುಮ್ನೆ ಬಂದಿದ್ದರು. ಊರು ಅರಸೀಕೆರೆ ಹತ್ತಿರ.

"ಚೆನ್ನಾಗೈತೆ. ಅಷ್ಟೊಂದು ನೀರು ನೋಡ್ಕೊಂಡೇ ಕೂತಿದ್ದೆ. ಇದ್ರಲ್ಲಿ ನಮ್ಮೂರು ಯಾವಾಗ ಬರ್ತೈತೆ?"

ಯಾರೋ ನಕ್ಕರು. ಯಾರೋ ಏನು, ನಾನೂ ನಕ್ಕೆ. ಚರ್ಚೆ ನಡೆಸುವ ಹುಡುಗ ಒಳ್ಳೆಯವನೇ. ಮೈಕ್ ಕೈಗೆ ಬಂದರೆ ಮಾತ್ರ ಬೇರೆ ಮನುಷ್ಯ. "ಅಮ್ಮ, ಇದು ಪಶ್ಚಿಮಘಟ್ಟದ ಬಗ್ಗೆ ಇರೋ ಚಿತ್ರ" ಅಂದ, ಮಗುವಿಗೆ ಹೇಳುವ ಹಾಗೆ. ಅವರು "ಹೂಂ, ಗೊತ್ತಾಯ್ತು ಬಿಡಪ್ಪ" ಅಂತ ಕೂತರು. ಮಗಳು ಸೆರಗು ಜಗ್ಗಿದಳು. ಆ ಜಗ್ಗಿದ್ದನ್ನು ನಾನು ನೋಡಬಾರದಿತ್ತು.

ಟೀ ಹೊತ್ತಿಗೆ ಹೋಗಿ ಪಕ್ಕದಲ್ಲಿ ನಿಂತೆ. ಇವರು ಯೋಜನೆಯ ಪರ, ನನ್ನ ಜೊತೆ ವಾದಕ್ಕೆ ಬರುತ್ತಾರೆ ಅಂದುಕೊಂಡೇ ಹೋಗಿದ್ದೆ. ನಿಮಗೂ ನೀರು ಬೇಕಲ್ಲ, ಏನು ಮಾಡೋದು ಅಂತ ಏನೋ ತೊದಲಿದೆ. ಅವರು ನನ್ನ ಮುಖ ನೋಡಿದರು.

"ನಾನೇನು ನಿಮ್ ಕಾಡು ಕಡೀರಿ ಅಂದ್ನಾ?"

ಆಮೇಲೆ ಅವರೇ ಹೇಳುತ್ತಾ ಹೋದರು. ಬರಗಾಲದಲ್ಲಿ ಅರವತ್ತು ತೆಂಗಿನ ಮರ ಹೋದವಂತೆ. ಸುಳಿ ಒಣಗಿ ಬಿದ್ದು ಬರೀ ಬೊಡ್ಡೆ, ಲೈಟ್ ಕಂಬದ ಹಾಗೆ. ಮೂರು ಬೋರು ಕೊರೆಸಿದರು, ಮೂರರಲ್ಲೂ ಬಿಳಿ ಧೂಳು. ಊರ ಕೆರೆಯ ಹೂಳು ತೆಗೆದದ್ದನ್ನು ಮಗಳು ಒಮ್ಮೆಯೂ ನೋಡಿಲ್ಲ. "ಆ ನೀರು ಬರ್ತೈತೆ ಅಂತ ನಂಬ್ಕೊಂಡು ಯಾರೂ ಕೂತಿಲ್ಲ ಕಣಮ್ಮ. ಇದೂ ಒಂದು ಕಷ್ಟ ಅಂತ ತೋರಿಸ್ಬೋದಿತ್ತಲ್ವಾ, ಅದಕ್ಕೆ ಕೇಳ್ದೆ." ಕೋಡುಬಳೆ ಎರಡು ತಿಂದರು, ಒಂದನ್ನು ಮಗಳಿಗೆ ಕೊಟ್ಟರು, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು.

ಹಾಸನದಿಂದ ಸಕಲೇಶಪುರಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಅರಸೀಕೆರೆಗೂ ಹೆಚ್ಚುಕಮ್ಮಿ ಅಷ್ಟೇ. ಒಂದೇ ಜಿಲ್ಲೆ. ಆ ಕಡೆ ಹೋದರೆ ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ. ಈ ಕಡೆ ಹೋದರೆ ಮೋಡ ನೋಡಿಕೊಂಡೇ ರಾಗಿ ಬಿತ್ತುತ್ತಾರೆ. ನಡುವೆ ಕೂತು ಇಷ್ಟು ವರ್ಷ ನಾವು ನೋಡಿದ ಚಿತ್ರಗಳನ್ನು ಲೆಕ್ಕ ಹಾಕಿದೆ. ಆನೆ, ಹುಲಿ, ಮಳೆಕಾಡು, ಹೊಳೆ, ಸಮುದ್ರ. ಬಯಲುಸೀಮೆಯದ್ದು ಒಂದೂ ನೆನಪಾಗಲಿಲ್ಲ. ನಮಗೆ ಪರಿಸರ ಅಂದರೆ ಹಸಿರು. ಕ್ಯಾಮೆರಾಕ್ಕೂ ಮಂಜೇ ಇಷ್ಟ. ಅರಸೀಕೆರೆ ಕಡೆಯ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ ಗೊತ್ತಾ? ಆ ಕರಡಿಗೂ ನೀರು ಬೇಕು. ಆದರೆ ಒಣಗಿದ ಕೆರೆ, ಜಾಲಿ ಗಿಡ ತೋರಿಸಿದರೆ ಅದನ್ನು 'ಕೃಷಿ ಸಮಸ್ಯೆ' ಅಂತ ಬೇರೆ ಡಬ್ಬಿಗೆ ಹಾಕಿಬಿಡುತ್ತೇವೆ.

ಇನ್ನೊಂದು ಕಸಿವಿಸಿ. ನಮ್ಮ ಕಡೆಯವರು ಈ ಯೋಜನೆಯನ್ನು ಬೈಯುವಾಗ ಕೊನೆಗೆ "ಅವರು ಕೆರೆ ಸರಿ ಮಾಡ್ಕೊಳ್ಳಲಿ" ಅಂತ ಒಂದು ಮಾತು ಸೇರಿಸುತ್ತೇವೆ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಅವರೂ ಮೊನ್ನೆ ಹೇಳಿದ್ದು ಕೆರೆಯ ಮಾತೇ. ಅವರ ಬಾಯಲ್ಲಿ ಅದು ಅಳಲು. ನನ್ನ ಬಾಯಲ್ಲಿ ಬರೀ ಜಾರಿಕೊಳ್ಳುವ ದಾರಿ.

ಮಂಗಳವಾರ ಆ ಹುಡುಗನಿಗೆ ಫೋನ್ ಮಾಡಿ, ಮುಂದಿನ ತಿಂಗಳದ್ದನ್ನು ಅರಸೀಕೆರೆ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಇಡೋಣ ಅಂದೆ. "ಅಲ್ಲಿ ಯಾರು ಬರ್ತಾರೆ ಮೇಡಂ?" ಅಂದ. ಪ್ರೊಜೆಕ್ಟರ್ ಸಾಗಿಸುವುದು ಕಷ್ಟ, ಕರೆಂಟ್ ಗ್ಯಾರಂಟಿ ಇಲ್ಲ ಅಂತ ಇನ್ನೂ ಏನೇನೋ ಹೇಳಿದ. ನೋಡೋಣ ಅಂದಿದ್ದಾನೆ.

ನಿನ್ನೆ ಮಾವನಿಗೂ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ದರೆ ಜಾರಿದ ಮೇಲೆ ಅಧಿಕಾರಿಗಳಿಗೆ ನಾಲ್ಕು ಅರ್ಜಿ ಕೊಟ್ಟು ಸುಸ್ತಾದ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು.

"ಅಲ್ಲಮ್ಮ, ಆ ಸಿನಿಮಾದಲ್ಲಿ ನಮ್ಮ ತೋಟದ್ದು ಬಂತಾ?"

"ಇಲ್ಲ ಮಾವ."