ಅಜ್ಜಿಯ ಹೆಗಲ ಮೇಲಿನ ಕೆಂಪು ಶಾಯಿ

8ನೇ ತರಗತಿಯಲ್ಲಿ ನಾನು ಬರೆದ ಚಿತ್ರವೊಂದು ಕಳೆದ ಶನಿವಾರ ಸಿಕ್ಕಿತು. ಶಿಕ್ಷಕರ ಕೊಠಡಿಯ ಕಬ್ಬಿಣದ ಬೀರು ಖಾಲಿ ಮಾಡಲು ನಮ್ಮ ತರಗತಿಯ ನಾಲ್ವರು ಹುಡುಗಿಯರನ್ನು ಕರೆದಿದ್ದರು. ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಇಳಿಸಿದ ಮೇಲೆ, ಅವುಗಳ ಅಡಿಗೆ ಹಾಸಿದ್ದ ಹಾಳೆಯ ಮೂಲೆಯಲ್ಲಿ ಮೆಟ್ಟುಗತ್ತಿಯ ಮೊನೆ ಕಂಡಿತು. ನನ್ನ ಅಜ್ಜಿ ಅಡಿಕೆ ಸುಲಿಯುತ್ತಿರುವ ಚಿತ್ರ ಅದು.

ಹಿಂದಿನ ವರ್ಷದ ಅಡಿಕೆ ಕೊನೆಕೊಯ್ಲಿನಲ್ಲಿ ಅಜ್ಜಿಯ ಎದುರು ಕುಳಿತು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡಿದ್ದೆ. ಜುಲೈನಲ್ಲಿ 15×22 ಅಂಗುಲದ ಹಾಳೆಯ ಮೇಲೆ ಬಣ್ಣ ಹಚ್ಚಲು ಕುಳಿತೆ. ಅಡಿಕೆ ಸುಲಿದು ಸುಲಿದು ಅಜ್ಜಿಯ ಬೆರಳುಗಳಿಗೆ ಕಲೆ ಹಿಡಿದಿರುತ್ತದಲ್ಲ, ಆ ಬಣ್ಣ ಬರಿಸುವುದರಲ್ಲೇ ಎರಡು ಪೀರಿಯಡ್ ಕಳೆದವು. ಕಪ್ಪು ಹಚ್ಚಿದರೆ ಬೆರಳು ಸುಟ್ಟಂತೆ ಕಾಣುತ್ತಿತ್ತು. ಕೊನೆಗೆ ಕಂದು ಬಣ್ಣಕ್ಕೆ ಒಂದು ಹನಿ ನೀಲಿ ಬೆರೆಸಿದೆ. ಹೆಬ್ಬೆರಳಿನ ಉಗುರಿನ ಸಂದಿಗೆ ಅದನ್ನು ಎಳೆದಾಗ, ಇದು ಅಜ್ಜಿಯದೇ ಕೈ ಎನಿಸಿ ಮೈ ಜುಮ್ಮೆಂದಿತು.

ಪೀರಿಯಡ್ ಇರುವುದು 40 ನಿಮಿಷ. ಮಲೆನಾಡಿನ ನಮ್ಮ ಸಾಗರದ ಮಳೆಗಾಲದಲ್ಲಿ ಪೋಸ್ಟರ್ ಬಣ್ಣ ಅಷ್ಟರಲ್ಲಿ ಒಣಗುವುದಿಲ್ಲ. ಒಣಗಿಸಲು ಜಾಗವೂ ಇಲ್ಲ. ಗಂಟೆ ಹೊಡೆದೊಡನೆ ಮುಂದಿನ ತರಗತಿಯವರು ಬಂದು ಅದೇ ಬೆಂಚಿನ ಮೇಲೆ ಒದ್ದೆ ಚೀಲ ಇಡುತ್ತಾರೆ. ಮೂರು ವಾರ ನಾನು ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಗಣಿತದ ತರಗತಿಯಲ್ಲಿ ಕುಳಿತಿದ್ದೆ. ಆ ಚಿತ್ರಕ್ಕೆ ಬಿ ಪ್ಲಸ್ ಬಂತು. ಬಂದ ಶ್ರೇಣಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದನ್ನು ಬರೆದದ್ದು ಚಿತ್ರದ ಮೇಲೆಯೇ: ಕೆಂಪು ಬಾಲ್‌ಪೆನ್ನಿನಲ್ಲಿ, ಸಹಿ ಮತ್ತು ದಿನಾಂಕದ ಸಮೇತ, ಅಜ್ಜಿಯ ಬಲ ಹೆಗಲ ಮೇಲೆ.

ವಾಪಸ್ ಕೇಳಿದಾಗ ಚಿತ್ರಕಲೆಯ ಶಿಕ್ಷಕರು "ದಾಖಲೆಗೆ ಬೇಕು, ಇಲ್ಲೇ ಇರಲಿ" ಎಂದರು. ನಾನು ನಂಬಿದೆ. ಎಲ್ಲೋ ಜೋಪಾನವಾಗಿರುತ್ತದೆ ಎಂದುಕೊಂಡಿದ್ದೆ.

ಪ್ರತಿಭಾ ಕಾರಂಜಿಯಲ್ಲೂ ಹೀಗೇ ಆಯಿತು. ಮಣ್ಣಿನಲ್ಲಿ ಕರುವನ್ನು ನೆಕ್ಕುವ ಹಸು ಮಾಡಿದ್ದೆ. ಬಹುಮಾನ ಘೋಷಣೆ ಮುಗಿಸಿ ಬರುವಷ್ಟರಲ್ಲಿ ಎಲ್ಲರ ಮಣ್ಣನ್ನೂ ಕಲಸಿ ಒಂದೇ ಬಕೆಟ್‌ಗೆ ತುಂಬಿದ್ದರು. ಹಸುವಿನ ಒಂದು ಕೊಂಬು ಮೇಲೆ ಎದ್ದು ನಿಂತಿತ್ತು. ಮಣ್ಣು ಮುಂದಿನ ವರ್ಷಕ್ಕೆ ಬೇಕಾಗುತ್ತದೆ, ಅದು ಗೊತ್ತು. ಒಂದು ಮಾತು ಕೇಳಿದ್ದರೆ ನಾನೇ ಮುದ್ದೆ ಮಾಡಿ ಕೊಡುತ್ತಿದ್ದೆ.

ಚಿತ್ರ ವಾಪಸ್ ಕೊಡಲಿಲ್ಲ ಎಂದು ನಾನು ಅತ್ತಾಗ ಅಜ್ಜಿ ಹೇಳಿದ್ದು ಬೇರೆ. "ನಾವು ಗೋಡೆಗೆ ಬರೆದ ಹಸೆಯನ್ನು ಸಾರಿಸಿ ಅಳಿಸುವುದಿಲ್ಲವೇ? ಇನ್ನೊಂದು ಬರೆದರಾಯಿತು ಮಗಳೇ." ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೂ ಅದೇ ಚಿತ್ತಾರ. ಅಜ್ಜಿ ಎಷ್ಟು ಹಸೆ ಬರೆದು ಅಳಿಸಿದ್ದಾಳೋ ಲೆಕ್ಕವಿಲ್ಲ. ಆದರೂ ಅವಳ ಮಾತನ್ನು ನಾನು ಒಪ್ಪಲಿಲ್ಲ. ಆ ಗೋಡೆ ಅವಳದು. ಯಾವಾಗ ಸಾರಿಸಬೇಕು ಎಂದು ತೀರ್ಮಾನಿಸುವವಳೂ ಅವಳೇ. ನನ್ನ ಹಾಳೆಯನ್ನು ಬೀರುವಿನ ಧೂಳಿಗೆ ಹಾಸಿದವರು ನನ್ನನ್ನು ಕೇಳಲಿಲ್ಲ.

ಈಗ ನಾನು 10ನೇ ತರಗತಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಅಂಕಗಳಲ್ಲಿ ಚಿತ್ರಕಲೆಗೆ ಒಂದು ಅಂಕವೂ ಇಲ್ಲವಾದ್ದರಿಂದ ಆ ಪೀರಿಯಡ್‌ನಲ್ಲಿ ಗಣಿತದ ವಿಶೇಷ ತರಗತಿ ನಡೆಯುತ್ತದೆ. ಸೋಮವಾರ ಧೈರ್ಯ ಮಾಡಿ ಮುಖ್ಯ ಶಿಕ್ಷಕರ ಕೊಠಡಿಗೆ ಹೋದೆ. ಶ್ರೇಣಿಯನ್ನು ಹಾಳೆಯ ಹಿಂಬದಿಗೆ ಪೆನ್ಸಿಲ್‌ನಲ್ಲಿ ಬರೆಯಿರಿ, ವರ್ಷದ ಕೊನೆಗೆ ಎಲ್ಲರ ಚಿತ್ರಗಳನ್ನೂ ವಾಪಸ್ ಕೊಡಿ, ಒಣಗಿಸಲು ವರಾಂಡದಲ್ಲಿ ಒಂದು ಹಗ್ಗ ಕಟ್ಟಲು ಬಿಡಿ ಎಂದು ಕೇಳಿದೆ. ಹಗ್ಗಕ್ಕೆ ಒಪ್ಪಿದರು. ಉಳಿದದ್ದನ್ನು ಸಭೆಯಲ್ಲಿ ಮಾತನಾಡುತ್ತೇನೆ ಎಂದರು. ನಮ್ಮ ನಂತರ ಬರುವ 8ನೇ ತರಗತಿಯ ಮಕ್ಕಳಿಗಾದರೂ ಅದು ಆಗಬೇಕು. ಅದಕ್ಕಾಗಿ ಮತ್ತೆ ಹೋಗಿ ಕೇಳುತ್ತೇನೆ.

ಸಿಕ್ಕ ಶನಿವಾರ ಸಂಜೆಯೇ ಚಿತ್ರವನ್ನು ಮನೆಗೆ ತಂದಿದ್ದೆ. ಬೀರುವಿನ ತುಕ್ಕು ಎರಡು ಕಡೆ ಅಂಟಿತ್ತು, ಅಂಚಿಗೆ ಬೂಷ್ಟು ಹಿಡಿದಿತ್ತು. ಒದ್ದೆ ಬಟ್ಟೆ ಮುಟ್ಟಿಸುವಂತಿಲ್ಲ, ಪೋಸ್ಟರ್ ಬಣ್ಣ ನೀರಿಗೆ ಕರಗುತ್ತದೆ. ಅಜ್ಜಿ ತನ್ನ ಪುಂಡಿ ನಾರಿನ ಒಣ ಕುಂಚವನ್ನು ತಂದುಕೊಟ್ಟಳು. ಆ ಚಿತ್ರವನ್ನು ಅವಳು ನೋಡಿದ್ದು ಅದೇ ಮೊದಲು. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು, ಹೆಬ್ಬೆರಳಿನ ಹತ್ತಿರ ತನ್ನ ಹೆಬ್ಬೆರಳನ್ನು ತಂದಿಟ್ಟು ಹೋಲಿಸಿದಳು.

"ಎಲ್ಲ ಸರಿಯಾಗಿದೆ. ಹೆಗಲ ಮೇಲೆ ಇದೇನು ಮಗಳೇ, ಕೆಂಪಗೆ?" ಎಂದಳು.